ಬಿಳಿಯ ಅನ್ನದ ಬೆಡಗು

ಅನ್ನವು ಮಲ್ಲಿಗೆಯಂತೆ ಬೆಳ್ಳಗಿರಬೇಕೆಂಬುದು ನಮ್ಮಲ್ಲಿ ಅನೇಕರ ಹಂಬಲ. ಈ ಬೆಡಗಿಗೆ ನಾವು ತೆರುವ ಬೆಲೆಯನ್ನು ಎಂದಾದರೂ ಲೆಕ್ಕ ಹಾಕಿದ್ದೇವೆಯೇ?

೧೮೯೦ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಐಕ್‌ಮನ್ ಅವರು, ನುಣ್ಣಗೆ ಪಾಲಿಶ್ ಮಾಡಿದ ಅಕ್ಕಿಯನ್ನೇ ತಿಂದ ಕೋಳಿಗಳು ಕಾಲಿನ ಬಲಗುಂದಿ ಬೀಳುವುದನ್ನೂ, ತೌಡು ಉಳಿದ ಅಕ್ಕಿಯನ್ನು ಕೊಟ್ಟಾಗ ಚೇತರಿಸಿಕೊಳ್ಳುವುದನ್ನೂ ಕಂಡರು. ಮನುಷ್ಯರನ್ನು ಕಾಡುತ್ತಿದ್ದ ಬೆರಿಬೆರಿ ರೋಗದ ಗುಟ್ಟು ಅಲ್ಲಿತ್ತು. ತೌಡಿನಲ್ಲಿದ್ದ ಆ ರಕ್ಷಕ ವಸ್ತು ಬಿ-೧ ಜೀವಸತ್ವವೆಂದು ಮುಂದೆ ತಿಳಿಯಿತು. ೧೯೨೯ರ ನೊಬೆಲ್ ಪಾರಿತೋಷಕದಲ್ಲಿ ಐಕ್‌ಮನ್ ಅವರಿಗೆ ಪಾಲು ದೊರೆಯಿತು.

ನಮ್ಮ ಕರಾವಳಿಯ ಕುಚ್ಚಲಕ್ಕಿ ಈ ನಷ್ಟಕ್ಕೆ ಹಳೆಯ ಪರಿಹಾರ. ಭತ್ತವನ್ನು ನೆನೆಸಿ ಬೇಯಿಸುವಾಗ ಹೊರಪದರದ ಜೀವಸತ್ವವು ಕಾಳಿನೊಳಕ್ಕೆ ಇಳಿಯುತ್ತದೆ. ಒಣಗಿಸಿ ಗಿರಣಿಗೆ ಹಾಕಿದ ಮೇಲೂ ಬೆಳ್ತಿಗೆ ಅಕ್ಕಿಯಲ್ಲಿರುವುದಕ್ಕಿಂತ ಹೆಚ್ಚು ಉಳಿಯುತ್ತದೆ. ಆದರೆ ಅದು ನೀರಿನಲ್ಲಿ ಕರಗುವಂಥದು. ಗಂಜಿಯನ್ನು ಬಸಿದು ಚೆಲ್ಲಿದರೆ ಸತ್ವವೂ ಅದರೊಡನೆ ಹರಿದುಹೋಗುತ್ತದೆ.

ಕುಚ್ಚಲಕ್ಕಿಯೊಂದೇ ಆರೋಗ್ಯವನ್ನು ತಾರದು. ಬೇಳೆ, ಸೊಪ್ಪು, ಹಣ್ಣುಗಳೂ ಬೇಕು. ಆದರೂ ಅದನ್ನು ಬಡತನದ ಗುರುತೆಂದು ಕಂಡು ಮೂಗು ಮುರಿಯುವ ವಿದ್ಯಾರ್ಥಿಮಿತ್ರರಿಗೆ ನಮ್ಮ ಮಾತಿಷ್ಟೇ: ಶಕ್ತಿಯ ಗುಳಿಗೆಗಳನ್ನು ಅರಸಿ ಅಂಗಡಿಗೆ ಹೋಗುವ ಮುನ್ನ, ಅಡಿಗೆಮನೆಯಲ್ಲಿ ಚೆಲ್ಲಿಹೋಗುತ್ತಿರುವುದನ್ನು ನೋಡಿರಿ.