ವಿದೇಶಕ್ಕೆ ಹೊರಡುವ ಮುನ್ನ ಹೆಸರು ಸರಿಯಿರಲಿ

ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರಗಳಲ್ಲಿ ನೆಲೆಸಿರುವ ತುಳು-ಕನ್ನಡಿಗರ ಮಕ್ಕಳು ಉನ್ನತ ಶಿಕ್ಷಣಕ್ಕಾಗಿ ವಿದೇಶದತ್ತ ಮುಖ ಮಾಡುತ್ತಿರುವುದು ಹೆಮ್ಮೆಯ ವಿಷಯ. ಹೋಟೆಲಿನ ಗಲ್ಲಾದಲ್ಲಿ ಕುಳಿತು ದುಡಿದ ಹೆತ್ತವರ ಕನಸು ಅದು. ಆದರೆ ಸಿದ್ಧತೆ ಎಂದರೆ ಬ್ಯಾಂಕ್ ಸಾಲ, ವೀಸಾ, ಸೂಟ್‌ಕೇಸ್ ಅಷ್ಟೇ ಅಲ್ಲ. ಹೊರನಾಡ ಕನ್ನಡಿಗರಿಗೆ ಇನ್ನೊಂದು ತೊಡಕಿದೆ, ಅದು ಹೆಸರಿನದ್ದು.

ಮಹಾರಾಷ್ಟ್ರ ಬೋರ್ಡಿನ ಅಂಕಪಟ್ಟಿಯಲ್ಲಿ ಮೊದಲು ಅಡ್ಡಹೆಸರು, ಬಳಿಕ ವಿದ್ಯಾರ್ಥಿಯ ಹೆಸರು, ಕೊನೆಗೆ ತಂದೆಯ ಹೆಸರು. ನಮ್ಮವರಲ್ಲಿ ಊರ ಹೆಸರು, ಮನೆತನದ ಹೆಸರು, ಇಲ್ಲವೇ ಬರೀ ಇನಿಶಿಯಲ್. ಚೊಚ್ಚಲ ಹೆರಿಗೆ ತವರಿನಲ್ಲಾದರೆ ಜನನ ಪ್ರಮಾಣಪತ್ರ ಕರ್ನಾಟಕದ್ದು, ಅಂಕಪಟ್ಟಿ ಮಹಾರಾಷ್ಟ್ರದ್ದು. ಒಂದೇ ಮಗುವಿಗೆ ಎರಡು ಹೆಸರು! ಐಇಎಲ್‌ಟಿಎಸ್, ಟೋಫೆಲ್ ಪರೀಕ್ಷೆಗಳಿಗಾದರೋ ಪಾಸ್‌ಪೋರ್ಟಿನಲ್ಲಿದ್ದಂತೆಯೇ ಹೆಸರು ನೋಂದಾಯಿಸಬೇಕು. 2023ರಲ್ಲಿ ಔರಂಗಾಬಾದ್ ಛತ್ರಪತಿ ಸಂಭಾಜಿನಗರವಾದ್ದರಿಂದ ಅಲ್ಲಿನ ಮಕ್ಕಳ ಹಳೆಯ, ಹೊಸ ದಾಖಲೆಗಳಲ್ಲಿ ಊರಿನ ಹೆಸರೂ ಬೇರೆಯಾಗಿದೆ. ಸರಕಾರಿ ಅಧಿಸೂಚನೆಯ ಪ್ರತಿಯೊಂದು ಜೊತೆಗಿದ್ದರೆ ಒಳ್ಳೆಯದು.

ಶಾಲೆಯ ದಾಖಲೆಯಲ್ಲಿನ ತಪ್ಪನ್ನು ಶಾಲೆ ಬಿಡುವ ಮುನ್ನ ತಿದ್ದಿಸುವುದು ಸುಲಭ, ಬಿಟ್ಟ ಮೇಲೆ ಕಷ್ಟ. ಎರಡೂ ನಗರಗಳಲ್ಲಿ ಬೋರ್ಡಿನ ವಿಭಾಗೀಯ ಕಚೇರಿಗಳಿವೆ. ಹೆಸರು ಬದಲಾವಣೆಯನ್ನು ಮಹಾರಾಷ್ಟ್ರ ಸರಕಾರದ ರಾಜ್ಯಪತ್ರದಲ್ಲಿ ಪ್ರಕಟಿಸುವ ಅವಕಾಶವೂ ಇದೆ. ಸೀಟು ಸಿಕ್ಕಿದ ಮೇಲೆ ಇದಕ್ಕೆಲ್ಲ ಓಡಾಡುತ್ತಾ ಕುಳಿತರೆ ಒಂದು ವರ್ಷವೇ ಕೈತಪ್ಪಬಹುದು.

ಹತ್ತನೇ, ಹನ್ನೆರಡನೇ ತರಗತಿಗಳಲ್ಲಿ ಉತ್ತೀರ್ಣರಾದವರಿಗೆ ಶಾಲು ಹೊದಿಸಿ, ಸ್ಮರಣಿಕೆ ನೀಡಿ ಸತ್ಕರಿಸುವ ನಮ್ಮ ಸಂಘಗಳ ಪರಿಪಾಠ ಶ್ಲಾಘನೀಯ. ಅದರೊಂದಿಗೆ ಎಂಟು-ಒಂಬತ್ತನೇ ತರಗತಿಯ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿಕೊಡುವ ಅರ್ಧ ದಿನದ ಶಿಬಿರವೊಂದನ್ನು ವರ್ಷಕ್ಕೊಮ್ಮೆ ಏರ್ಪಡಿಸಲಿ. ಖರ್ಚು ಅಲ್ಪ, ಉಪಕಾರ ದೊಡ್ಡದು. ವಿದೇಶದಿಂದ ಮರಳಿದ ನಮ್ಮ ಯುವಕ-ಯುವತಿಯರು ಇದಕ್ಕೆ ಕೈಜೋಡಿಸಬೇಕು.