ಬೇವರ್ಸಿಗಳ ವಾರಸುದಾರರು ಯಾರು?

ಬೆಂಗಳೂರಿನ ರಾಕ್ ವಾದ್ಯಮೇಳವೊಂದು ತನಗೆ ‘ಬೇವರ್ ಸೀ’ ಎಂದು ಹೆಸರಿಟ್ಟುಕೊಂಡಿತು. ಪರಭಾಷೆಯವರಿಗೆ ಅದು ಯಾವುದೋ ದೂರದ ಕಡಲಿನ ಹೆಸರಿನಂತೆ ಕೇಳಿಸೀತು. ಕನ್ನಡಿಗನಿಗೆ ಮಾತ್ರ ಒಡನೆಯೇ ಗುಟ್ಟು ತಿಳಿಯುತ್ತದೆ. ಸಭ್ಯರ ಮನೆಯಲ್ಲಿ ಆಡಬಾರದ, ಬೀದಿಯಲ್ಲಿ ದಿನವೂ ಕೇಳಿಬರುವ ಬೈಗುಳವದು. ಇಂಥ ಹೆಸರು, ಕಿವಿ ಕಿತ್ತುಹೋಗುವ ಸದ್ದು, ಇಂಗ್ಲಿಷ್ ಹಾಡು. ಇವೆಲ್ಲ ಕನ್ನಡ ಸಂಸ್ಕೃತಿಗೆ ಸಂಬಂಧಪಟ್ಟವಲ್ಲ, ಇವನ್ನು ಕುರಿತು ಮಾತನಾಡುವುದೇ ಕಾಲಹರಣವೆಂದು ನಮ್ಮ ಸಾಹಿತ್ಯವಲಯದ ಹಿರಿಯರು ಹೇಳುವುದನ್ನು ನಾನು ಮೇಲಿಂದ ಮೇಲೆ ಕೇಳಿದ್ದೇನೆ. ಬಂಗಾರಪೇಟೆಯಲ್ಲಿ ಕನ್ನಡ ಪಾಠ ಹೇಳಿಕೊಂಡಿರುವ ನಾನು ಈ ಮಾತನ್ನು ಒಪ್ಪಲಾರೆ. ಒಪ್ಪದಿರುವುದಕ್ಕೆ ಕಾರಣಗಳನ್ನೂ ಕೊಡಬೇಕಾದ್ದು ನ್ಯಾಯ.

ಮೊದಲು ಆ ಪದವನ್ನೇ ನೋಡೋಣ. ‘ಬೇ’ ಎಂದರೆ ಇಲ್ಲದ. ‘ವಾರಿಸ್’ ಎಂದರೆ ಉತ್ತರಾಧಿಕಾರಿ. ನಮ್ಮ ಕಚೇರಿಗಳಲ್ಲಿ ಇಂದಿಗೂ ಓಡಾಡುವ ‘ವಾರಸುದಾರ’ನೂ ಈ ಬೈಗುಳವೂ ಒಂದೇ ಬೇರಿನ ಕುಡಿಗಳು. ತನ್ನವನೆಂದು ಹೇಳಿಕೊಳ್ಳಲು ಯಾರೂ ಇಲ್ಲದವನು ಬೇವರ್ಸಿ. ಈ ಹುಡುಗರು ತಮಗೆ ಹೆಸರಿಟ್ಟುಕೊಂಡದ್ದು ತಮಾಷೆಗಾಗಿಯೇ ಇರಬಹುದು. ಆದರೆ ಅವರನ್ನು ನಮ್ಮವರಲ್ಲವೆಂದು ದೂಡಿ, ಆ ತಮಾಷೆಯನ್ನು ನಿಜಮಾಡಿದವರು ನಾವು.

ಇವರು ನಿನ್ನೆ ಮೊನ್ನೆ ಹುಟ್ಟಿದ ಅಣಬೆಗಳೂ ಅಲ್ಲ. ಬೆಂಗಳೂರಿನಲ್ಲಿ ಭಾರದ ರಾಕ್ ಸಂಗೀತಕ್ಕೆ ದಶಕಗಳ ಇತಿಹಾಸವಿದೆ. 1998ರಲ್ಲಿ ಆರಂಭವಾದ ‘ಕ್ರಿಪ್ಟೋಸ್’ ಮೇಳ 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿತು. ಆ ಬಗೆಯ ಸಂಗೀತಕ್ಕೆ ವಾಕೆನ್ ಒಂದು ತೀರ್ಥಕ್ಷೇತ್ರವಿದ್ದಂತೆ. ಕ್ರಿಪ್ಟೋಸ್‌ನ ಮೊದಲ ದಿನಗಳಲ್ಲಿ ಹಾಡುತ್ತಿದ್ದ ಗಣೇಶ್ ಕೃಷ್ಣಸ್ವಾಮಿಯವರೇ ಮುಂದೆ ಬೇವರ್ ಸೀಯ ಗಾಯಕರಾದರು. ಮೇಳದ ಮೊದಲ ಧ್ವನಿಸಂಪುಟ ಹೊರಬಂದದ್ದು 2012ರಲ್ಲಿ, ಎರಡನೆಯದು 2015ರಲ್ಲಿ. ಮೊದಲನೆಯದರಲ್ಲಿನ ಒಂದು ಹಾಡಿನ ಹೆಸರು ‘ಅಬಿಷ್ಟು’. ಅಡಿಗೆಮನೆಯಿಂದ ಅಜ್ಜಿಯರು ಪೆದ್ದು ಮೊಮ್ಮಕ್ಕಳ ಮೇಲೆ ಎಸೆಯುತ್ತಿದ್ದ ಮಾತು! ತಂತಿಗಳನ್ನು ಸಡಿಲಿಸಿ ತೆಗೆದ ತಗ್ಗಿನ ಸ್ವರ, ಎತ್ತಿನಗಾಡಿಯಂತೆ ನಿಧಾನವಾದ ನಡೆ, ಬೇಗ ಮುಗಿಯದ ದೀರ್ಘ ಹಾಡುಗಳು. ಇವರ ಶ್ರೋತೃಗಳು ಲಕ್ಷಗಟ್ಟಲೆ ಇಲ್ಲ. ಇರುವವರು ಮಾತ್ರ ಭಕ್ತರಂತೆ ನಿಷ್ಠರು.

ಈಗ ಆಕ್ಷೇಪಗಳಿಗೆ ಬರೋಣ. ಇದು ವಿದೇಶೀಯ ಎಂಬುದು ಮೊದಲನೆಯದು. ಹೌದು, ವಿದೇಶೀಯವೇ. ಪಿಟೀಲು ಎಲ್ಲಿಯದು? ಹಾರ್ಮೋನಿಯಂ ಎಲ್ಲಿಯದು? ಕಾದಂಬರಿ, ಸುನೀತ, ಪ್ರಬಂಧ, ಇವು ಕವಿರಾಜಮಾರ್ಗಕಾರನ ಕಾಲದಿಂದ ಬಂದವೇ? ಬಿ.ಎಂ.ಶ್ರೀಯವರು ‘ಇಂಗ್ಲಿಷ್ ಗೀತಗಳು’ ಎಂದು ಹೆಸರಿನಲ್ಲೇ ಸಾಲವನ್ನು ಒಪ್ಪಿಕೊಂಡು ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದರು. ಅಡಿಗರ ನವ್ಯಕ್ಕೆ ಎಲಿಯಟ್ಟನ ಎರವಲೆಂಬ ಆರೋಪ ಬಂತು. ಆ ಅಡಿಗರು 1954ರಲ್ಲಿ ತಮ್ಮ ಸಂಕಲನಕ್ಕೆ ಕೊಟ್ಟ ಹೆಸರು ‘ಚಂಡೆಮದ್ದಳೆ’. ಕೊಳಲಲ್ಲ, ವೀಣೆಯಲ್ಲ, ಚಂಡೆ! ಸಾಲ ತಂದದ್ದು ತಪ್ಪಲ್ಲ. ತಂದದ್ದನ್ನು ಬಿತ್ತದೆ ಕೂತರೆ ತಪ್ಪು.

ಇದು ಸಂಗೀತವಲ್ಲ, ಗದ್ದಲ ಎಂಬುದು ಎರಡನೆಯ ಆಕ್ಷೇಪ. ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು. ಎಲ್ಲರೂ ಸಂತೋಷಪಟ್ಟೆವು, ಪಡತಕ್ಕದ್ದೇ. ಆದರೆ ತಮಟೆಯನ್ನು ಊರಹೊರಗಿನ ಸದ್ದೆಂದು ತಲೆಮಾರುಗಳ ಕಾಲ ದೂರವಿಟ್ಟಿದ್ದ ಕಿವಿಗಳು ಯಾರವು? ‘ಕೆ.ಜಿ.ಎಫ್.’ ಚಲನಚಿತ್ರ 2018ರಲ್ಲಿ ಬಂದಾಗ ಅದರ ಅಬ್ಬರದ ಹಿನ್ನೆಲೆ ಸಂಗೀತವನ್ನು ನಾಡೇ ಕೊಂಡಾಡಿತು. ಕಿವಿ ಮುಚ್ಚಿಕೊಂಡವರನ್ನು ನಾನು ಕಾಣಲಿಲ್ಲ. ಹಾಗಾದರೆ ನಮ್ಮ ತಕರಾರು ಗದ್ದಲದ ಮೇಲಲ್ಲ. ಸರ್ಕಾರದ ಮುದ್ರೆಯೋ ಗಲ್ಲಾಪೆಟ್ಟಿಗೆಯ ಮುದ್ರೆಯೋ ಬೀಳದ ಗದ್ದಲದ ಮೇಲೆ ಮಾತ್ರ.

ಕೋಲಾರದ ಚಿನ್ನದ ಗಣಿಯ ಪಕ್ಕದಲ್ಲಿ ಬದುಕುವವರಿಗೆ ಈ ಭಾರದ ಸಂಗೀತ ಪರಕೀಯವಾಗಿ ಕೇಳಿಸಬೇಕಾಗಿಲ್ಲ. ಅದು ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಯ ಊರಿನಲ್ಲಿ. ಟೋನಿ ಅಯೋಮಿ ಎಂಬ ಹುಡುಗ ಲೋಹದ ತಗಡಿನ ಕಾರ್ಖಾನೆಯಲ್ಲಿ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡ. ಪ್ಲಾಸ್ಟಿಕ್ಕಿನ ಟೊಪ್ಪಿಗೆ ಮಾಡಿ ಬೆರಳಿಗೆ ತೊಡಿಸಿ, ತೆಳುವಾದ ತಂತಿಗಳನ್ನು ಹುಡುಕಿ, ಮುಂದೆ ಅವನ್ನೂ ಸಡಿಲಿಸಿ ಗಿಟಾರ್ ನುಡಿಸಿದ. 1970ರಲ್ಲಿ ಮೊದಲ ಧ್ವನಿಸಂಪುಟ ತಂದ ‘ಬ್ಲ್ಯಾಕ್ ಸಬಾತ್’ ಅವನ ಮೇಳ. ಬೇವರ್ ಸೀ ಅದರ ವಂಶದ್ದು. ಕಾರ್ಮಿಕನ ಗಾಯದಿಂದ ಬಂದ ಸ್ವರ ಗಣಿಯೂರಿಗೆ ಅರ್ಥವಾಗದೆ ಇನ್ನಾರಿಗೆ ಅರ್ಥವಾದೀತು?

ಇಲ್ಲಿ 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಹಿಡಿಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಆಳದಲ್ಲಿ ಬಂಡೆ ಸಿಡಿದರೆ ಮೇಲಿನ ಮನೆಗಳ ಗೋಡೆ ನಡುಗುತ್ತಿದ್ದವು. ಆ ನಡುಕದ ಅರ್ಥ ಲೈನುಮನೆಗಳಲ್ಲಿ ಕಾದು ಕುಳಿತ ಹೆಂಗಸರಿಗೆ ಗೊತ್ತಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಬಾಕಿ ಹಣಕ್ಕಾಗಿ, ವಾಸದ ಮನೆಗಾಗಿ ಕಾರ್ಮಿಕರು ವರ್ಷಗಟ್ಟಲೆ ಅಲೆದರು. ದೇಶಕ್ಕೆ ಚಿನ್ನ ತೆಗೆದುಕೊಟ್ಟವರೂ ಒಂದು ದಿನ ಬೇವರ್ಸಿಗಳಾದರು. ಅವರ ಮಕ್ಕಳು, ಮೊಮ್ಮಕ್ಕಳು ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲಿನಲ್ಲಿ ಬೆಂಗಳೂರಿಗೆ ಕೂಲಿಗೆ, ನೌಕರಿಗೆ ಹೋಗುತ್ತಾರೆ. ಕಿವಿಗೆ ತಂತಿ ಸಿಕ್ಕಿಸಿಕೊಂಡು ಈ ಸಂಗೀತ ಕೇಳುವ ಕೆಲವರು ನನ್ನ ತರಗತಿಯಲ್ಲೂ ಇದ್ದಾರೆ. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಪರೀಕ್ಷೆಗೆ ಕನ್ನಡ. ಕನ್ನಡ ಅವರಿಗೆ ಅಂಕದ ಭಾಷೆಯಾಗಿದೆ, ಸಿಟ್ಟಿನ ಭಾಷೆಯಾಗಿಲ್ಲ.

ಬೇವರ್ ಸೀಯವರ ಮೇಲೆ ನನ್ನ ಜಗಳವಿರುವುದೂ ಇಲ್ಲಿಯೇ. ಹೆಸರಿಗೆ ಕನ್ನಡ, ಬೈಗುಳಕ್ಕೆ ಕನ್ನಡ, ಹಾಡಿಗೆ ಇಂಗ್ಲಿಷ್! ಸ್ವಾಮಿ, ನೀವು ಬಾಗಿಲವರೆಗೆ ಬಂದು ಒಳಗೆ ಬರಲಿಲ್ಲ. ಈ ನುಡಿಗೆ ಭಾರ ಹೊರುವ ಶಕ್ತಿಯಿಲ್ಲವೆಂದು ಎಣಿಸಿದಿರಾ? ಅಂಬಿಗರ ಚೌಡಯ್ಯನ ವಚನಗಳನ್ನು ಒಮ್ಮೆ ಓದಿ. ಅವುಗಳ ಮುಂದೆ ನಿಮ್ಮ ಗಿಟಾರು ಮೆತ್ತಗೆ ಕೇಳಿಸೀತು. ರಘು ದೀಕ್ಷಿತರು 2008ರ ತಮ್ಮ ಸಂಪುಟದಲ್ಲಿ ಶಿಶುನಾಳ ಶರೀಫರನ್ನು ರಾಕ್ ವಾದ್ಯಗಳೊಡನೆ ಹಾಡಿದರು, ಜನ ಒಪ್ಪಿಕೊಂಡರು. ಅದು ಸವಿಯಾದ ದಾರಿ. ಒರಟು ದಾರಿಯನ್ನೂ ಯಾರಾದರೂ ತುಳಿಯಬೇಕು.

ಆದರೆ ಅವರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಕನ್ನಡವನ್ನು ನವೆಂಬರಿನ ಹೊಗಳಿಕೆಗೂ ಸನ್ಮಾನಪತ್ರಕ್ಕೂ ಮೀಸಲಿಟ್ಟವರು ಕನ್ನಡದ ಅಧ್ಯಾಪಕರು, ಪರಿಷತ್ತುಗಳು, ಅಕಾಡೆಮಿಗಳು. ಪದ್ಯವೆಂದರೆ ಮೃದುವಾಗಿರತಕ್ಕದ್ದೆಂದು ಕಲಿತ ಹುಡುಗ, ಮೃದುವಲ್ಲದ್ದನ್ನು ಹೇಳಲು ಬೇರೆ ಭಾಷೆಗೆ ಹೋದರೆ ಆಶ್ಚರ್ಯವೇನು? ಮಾಸ್ತಿ, ಡಿ.ವಿ.ಜಿ.ಯವರು ಹುಟ್ಟಿದ ಈ ಜಿಲ್ಲೆಯಲ್ಲಿ ಮುಂದಿನ ಸಾಹಿತ್ಯ ಸಮ್ಮೇಳನ ಎಲ್ಲಿಯೇ ನಡೆಯಲಿ, ಒಂದು ಸಂಜೆಯನ್ನು ಇಂಥ ಮೇಳಕ್ಕೆ ಕೊಡಲಿ; ತಮಟೆಯವರನ್ನೂ ಗಿಟಾರಿನವರನ್ನೂ ಒಂದೇ ವೇದಿಕೆಗೆ ಕರೆಯಲಿ; ಹಾಡು ಕನ್ನಡದಲ್ಲಿರಲಿ ಎಂಬ ಒಂದೇ ಕರಾರು ಇರಲಿ. ಹಿರಿಯರು ಕಿವಿಗೆ ಹತ್ತಿ ಇಟ್ಟುಕೊಂಡಾದರೂ ಮುಂದಿನ ಸಾಲಿನಲ್ಲಿ ಕೂರಲಿ. ಕೇಳಿದ ಮೇಲೆ ಬೈಯುವ ಹಕ್ಕು ಅವರಿಗಿದ್ದೇ ಇದೆ. ಕೇಳದೆ ಬೈಯುವ ಹಕ್ಕು ಯಾರಿಗೂ ಇಲ್ಲ.