ಗುಣದಲ ಬೆಟ್ಟ ಹತ್ತುವ ಮೊದಲು

ಫೆಬ್ರವರಿ 11ರ ಹಬ್ಬಕ್ಕೆ ವಿಜಯವಾಡದ ಗುಣದಲ ಮಾತೆ ಮರಿಯಮ್ಮನ ಸನ್ನಿಧಿಯಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ. ಮುಡಿ ಕೊಡುತ್ತಾರೆ, ತೆಂಗಿನಕಾಯಿ ಒಪ್ಪಿಸುತ್ತಾರೆ, ಜಪ ಹೇಳುತ್ತ ಬೆಟ್ಟ ಹತ್ತುತ್ತಾರೆ. ಆ ಭಕ್ತಿ ದೊಡ್ಡದು. ಆದರೆ ಪಾವಿತ್ರ್ಯ ಬೆಟ್ಟದ ಮೇಲಿದೆ, ಮನೆಯ ಜಗಳ ಅದಕ್ಕೆ ಅಡ್ಡಿ ಎಂಬ ಎಣಿಕೆಯನ್ನು ಬಿಟ್ಟುಬಿಡೋಣ ಎಂದು ವಿಜಯವಾಡದಲ್ಲಿಯೂ ವಿಶಾಖಪಟ್ಟಣದಲ್ಲಿಯೂ ನೆಲೆಸಿರುವ ಕನ್ನಡ ಕ್ರೈಸ್ತ ಕುಟುಂಬಗಳನ್ನು ಬೇಡಿಕೊಳ್ಳುತ್ತೇನೆ. ಮಕ್ಕಳ ಫೀಸು, ಊರಿಗೆ ಕಳಿಸುವ ಹಣ, ಅತ್ತೆ ಆಡಿದ ಮಾತು, ಮಗನ ಕೈಬಿಡದ ಮೊಬೈಲು: ನಮ್ಮ ವಿಶ್ವಾಸ ನಿಜವೋ ಅಲ್ಲವೋ ಎಂದು ತಿಳಿಯುವುದು ಇವುಗಳ ನಡುವೆಯೇ. ಊರಿನಲ್ಲಾದರೆ ಮಾತು ಬೆಳೆದಾಗ ತಡೆಯಲು ಅಜ್ಜಿಯೋ ಸೋದರಮಾವನೋ ಇರುತ್ತಾರೆ. ಪರವೂರಿನಲ್ಲಿ ಮುನಿಸು ಮನೆಯೊಳಗೇ ಉಳಿದು ಹುಳಿಯಾಗುತ್ತದೆ.

ಪಾವಿತ್ರ್ಯ ಮನೆಯ ಗದ್ದಲದ ನಡುವೆಯೇ ಇದೆ ಎಂಬ ವಿಚಾರ ಆಂಧ್ರದ ಕರಾವಳಿಗೆ ಹೊಸದಲ್ಲ. 1846ರಲ್ಲಿ ವಿಶಾಖಪಟ್ಟಣಕ್ಕೆ ಬಂದ ಗುರುಗಳು ಸಂತ ಫ್ರಾನ್ಸಿಸ್ ದೆ ಸಾಲ್ಸ್‌ರ ಹೆಸರಿನ ಸಭೆಯವರು. ಆ ಸಂತರು 1609ರಲ್ಲಿ ಭಕ್ತಿಜೀವನದ ಕುರಿತು ಬರೆದ ಪುಸ್ತಕ ಮಠದವರಿಗಾಗಿ ಹುಟ್ಟಿದ್ದಲ್ಲ. ಒಬ್ಬ ಗೃಹಿಣಿಗೆ ಬರೆದ ಬುದ್ಧಿಮಾತುಗಳಿಂದ ಬೆಳೆದದ್ದು. ಸಂನ್ಯಾಸಿಯ ಭಕ್ತಿ ಸಂಸಾರಿಗೆ ಒಗ್ಗದು, ಅವರವರ ಬದುಕಿಗೆ ತಕ್ಕ ಭಕ್ತಿ ಬೇಕು ಎಂಬುದು ಅವರ ವಾದ. ಸಿಟ್ಟಿನ ಬಗೆಗಂತೂ ಅವರ ಸಲಹೆ ಬಹಳ ನೇರ: ಯಾರ ಮೇಲೆ ರೇಗಿದಿರೋ ಅವರೊಂದಿಗೇ, ತಡಮಾಡದೆ, ಮೃದುವಾಗಿ ನಡೆದುಕೊಳ್ಳಿ. ದೇವರಲ್ಲಿ ಕ್ಷಮೆ ಬೇಡಿ ಹೆಂಡತಿಯೊಡನೆ ಮಾತು ಬಿಡುವ ಗಂಡನಿಗೆ ಇಲ್ಲಿ ತಪ್ಪಿಸಿಕೊಳ್ಳುವ ದಾರಿಯಿಲ್ಲ. 2015ರ ಅಕ್ಟೋಬರ್ 18ರಂದು ಜೊತೆಯಾಗಿ ಸಂತಪದವಿಗೇರಿದ ಲೂಯಿ ಮತ್ತು ಜೆಲಿ ಮಾರ್ಟಿನ್ ದಂಪತಿಯ ಮನೆಯೂ ಸದ್ದಿಲ್ಲದ ಮನೆಯಾಗಿರಲಿಲ್ಲ. ಮಗಳು ಲಿಯೋನಿಯ ಹಟ ತಾಯಿಯನ್ನು ಹಣ್ಣುಮಾಡಿತ್ತು. ಆ ಚಿಂತೆ ಜೆಲಿಯ ಪತ್ರಗಳಲ್ಲಿ ಮತ್ತೆಮತ್ತೆ ಬರುತ್ತದೆ. ಹನ್ನೆರಡರ ಬಾಲಯೇಸು ದೇವಾಲಯದಲ್ಲಿ ಉಳಿದುಬಿಟ್ಟಾಗ ಮರಿಯಮ್ಮ ಮಗನನ್ನು ಆಕ್ಷೇಪಿಸಿದ್ದನ್ನು ಲೂಕನ ಶುಭಸಂದೇಶ ಮುಚ್ಚಿಟ್ಟಿಲ್ಲವಲ್ಲ.

ಮನೆಯಲ್ಲಿ ಹೀಗೆ ರಾಜಿಯಾಗಿ ಬಾಳುವುದು ಬರಿಯ ಹೊಂದಾಣಿಕೆ, ಯಾವ ಧರ್ಮದವರ ಮನೆಯಲ್ಲೂ ಇರುವಂಥದ್ದು, ಪಾವಿತ್ರ್ಯವೆಂದು ಏಕೆ ಕರೆಯಬೇಕು ಎಂದು ಕೇಳಬಹುದು. ಹೊಂದಾಣಿಕೆ ಎಲ್ಲರಲ್ಲೂ ಇದೆ, ಸಂತೋಷ. ಆದರೆ ಸಹೋದರನ ಮನಸ್ಸು ನೊಂದಿದ್ದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ರಾಜಿಯಾಗಿ ಬರಲು ಹೇಳಿದವರು ಯೇಸುಸ್ವಾಮಿ. ಆರಾಧನೆಗಿಂತ ಮುಂಚೆ ಅದನ್ನಿಟ್ಟವರು ಅವರೇ ಆದಾಗ ಅದು ನಮಗೆ ಲೋಕರೂಢಿಯ ಮಾತಾಗಿ ಉಳಿಯುವುದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ. ಇಂಥ ಉಪದೇಶದ ಭಾರವೆಲ್ಲ ಕೊನೆಗೆ ಹೆಣ್ಣಿನ ತಲೆಗೇ ಬರುತ್ತದೆ, ತಾಳಿಕೋ ತಾಯಿ ಎನ್ನುವುದೇ ಧರ್ಮವಾಗುತ್ತದೆ ಎಂಬ ಭಯ. ಹಾಗೆ ಆಗಿದೆ, ಈಗಲೂ ಆಗುತ್ತಿದೆ. ಆದ್ದರಿಂದ ಬಿಡಿಸಿ ಹೇಳಬೇಕು: ಹೊಡೆತ, ಬೆದರಿಕೆ, ಕುಡಿದು ಹಿಂಸಿಸುವುದು ಮನೆಯ ಜಗಳವಲ್ಲ, ಅಪರಾಧ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಕ್ರೈಸ್ತ ಮಹಿಳೆಗೂ ಅನ್ವಯಿಸುತ್ತದೆ, ಸಹಾಯವಾಣಿ 181. ಹಿಂಸೆ ಇರುವಲ್ಲಿ ಬೇರೆಯಾಗುವುದು ಕೆಲವೊಮ್ಮೆ ಅನಿವಾರ್ಯವೆಂದು ಪೋಪ್ ಫ್ರಾನ್ಸಿಸ್ ಅವರ 2016ರ ಕುಟುಂಬ ಕುರಿತ ಪತ್ರವೇ ಒಪ್ಪಿದೆ.

ಗುಣದಲಕ್ಕೆ ಹೊರಡುವ ಹಿಂದಿನ ಸಂಜೆ, ಜಪಸರ ಮುಗಿದ ಮೇಲೆ, ಮನೆಯವರೆಲ್ಲ ಒಟ್ಟಿಗೆ ಕೂರಿ. ಮನೆಯ ಹಿರಿಯ ಗಂಡಸೇ ಮೊದಲು ತನ್ನ ತಪ್ಪು ಹೇಳಿ ಕ್ಷಮೆ ಕೇಳಲಿ, ಮಕ್ಕಳ ಎದುರಿಗೇ.